ಒಂಬತ್ತು ನಿಮಿಷ ಅಲ್ಲಾಡಬಾರದು

‘ಈ ಕಟ್ಟಡದಲ್ಲಿ ನಾನು ಎರಡು ವರ್ಷ ಇದ್ದೆ ಅನ್ನುವುದಕ್ಕೆ ಸಾಕ್ಷಿ ಏನು?’ ಎಂದು ಅವಳು ಬೆಳಿಗ್ಗೆ ಡೈರಿಯಲ್ಲಿ ಬರೆದಳು. ಯಾರಾದರೂ ಓದಿಯಾರೆಂದು ಕೈ ಅಡ್ಡ ಇಟ್ಟಳು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಕಟ್ಟಿಟ್ಟ ಎರಡು ಪೆಟ್ಟಿಗೆಗಳು ಮಾತ್ರ.

ನಾಳೆ ಅವಳು ಬೇರೆ ಊರಿಗೆ, ಹೊಸ ಕೆಲಸಕ್ಕೆ ಹೊರಟಿದ್ದಳು. ಕಟ್ಟಡದವರು ಈ ಎರಡು ವರ್ಷದಲ್ಲಿ ತೆಗೆಸಿಕೊಂಡ ಗುಂಪು ಫೋಟೋಗಳಿಗೆ ಲೆಕ್ಕವಿಲ್ಲ. ಅವಳು ಒಂದರಲ್ಲೂ ಇರಲಿಲ್ಲ. ಪ್ರತಿ ಸಲ ಓನರಮ್ಮ ಫೋನನ್ನು ಅವಳ ಕೈಗೆ ತುರುಕಿ, “ನೀನೇ ತೆಗಿಯಮ್ಮ, ನಿನ್ ಕೈ ನಡುಗಲ್ಲ” ಅನ್ನುತ್ತಿದ್ದರು. ಅವಳು “ಸರಿ ಆಂಟಿ” ಅನ್ನುತ್ತಿದ್ದಳು. ಗೋಡೆಯ ಮೊಳೆಗೂ ಅವಳಿಗೂ ಇದ್ದ ವ್ಯತ್ಯಾಸ ಇಷ್ಟೇ: ಮೊಳೆ ಆಗಾಗ ಯಾರದಾದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು.

ಸೋದರತ್ತೆ ಬಿಟ್ಟುಹೋದ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಹನ್ನೆರಡು ಚಿತ್ರದ ಕೊನೆಯ ರೀಲಿತ್ತು. ಹನ್ನೊಂದು ಚಿತ್ರಗಳು ಖಾಲಿ ಮೆಟ್ಟಿಲು, ಖಾಲಿ ಕಿಟಕಿಗಳಿಗೆ ಖರ್ಚಾಗಿದ್ದವು. ಉಳಿದ ಒಂದರಲ್ಲಿ ತಾನಿರಬೇಕು.

ಕೆಳಗಿನ ಹಜಾರದಲ್ಲಿ ಹಗಲಲ್ಲೂ ಮಬ್ಬು. ಲೆನ್ಸಿನ ಕಿಂಡಿಯನ್ನು ಸೂಜಿಗಣ್ಣಿನಷ್ಟು ಮಾಡಿ ಒಂಬತ್ತು ನಿಮಿಷ ತೆರೆದಿಟ್ಟರೆ ಚಿತ್ರ ಮೂಡುತ್ತದೆ. ಅಲ್ಲಾಡದವರು ಫಿಲ್ಮಿಗೆ ಇಳಿಯುತ್ತಾರೆ. ಓಡಾಡಿದವರು ಹೊಗೆಯ ಹಾಗೆ ಮಾಯ. ಅಲ್ಲಾಡದೆ ಕೂರುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ, ಎಲ್ಲರೂ ಮಲಗಿರುವ ಹೊತ್ತು ನೋಡಿ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿ, ಶಟರ್ ತೆರೆದೇ ಇರುವಂತೆ ಅದರ ತಂತಿಯನ್ನು ಒತ್ತಿ ಬಿಗಿಮಾಡಿ, ಟಪಾಲು ಪೆಟ್ಟಿಗೆಗಳ ಕೆಳಗಿನ ಬೆಂಚಿಗೆ ಓಡಿದಳು. ಹೊಸ ಚಪ್ಪಲಿ ಕಚ್ಚಿ ಕಾಲು ಅಲ್ಲಾಡೀತೆಂದು ಅವನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ಉಸಿರು ಬಿಗಿಹಿಡಿದು ಕೂತಳು.

ಅರ್ಧ ನಿಮಿಷವೂ ಆಗಿರಲಿಲ್ಲ, ಕೆಳಗಿನ ಮನೆಯ ಟೈಲರ್ ಬಾಗಿಲು ತೆರೆದ.

“ಏನಮ್ಮಾ ಇದು, ಸರ್ವೇನಾ?”

“ಫೋಟೋ,” ತುಟಿ ಅಲ್ಲಾಡಿಸದೆ ಹೇಳಿದಳು. “ಹೋಗ್ತಾ ಇರಿ, ನೀವು ಇದ್ರಲ್ಲಿ ಬೀಳಲ್ಲ.”

“ಬೀಳಲ್ವಾ? ನಾನೇನು ದೆವ್ವಾನಾ?” ಟೈಲರ್ ಮುನಿಸಿಕೊಂಡು ಲೆನ್ಸಿಗೆ ಎದುರಾಗಿ ನೆಟ್ಟಗೆ ನಿಂತುಬಿಟ್ಟ.

ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಮೀಸೆ ತೀಡುತ್ತ ಇಳಿದು ಬಂದರು. ಹಿಂದೆಯೇ ಓನರಮ್ಮ, ಸೆರಗು ಸರಿಮಾಡಿಕೊಳ್ಳುತ್ತ. ಬೆಂಚಿನ ಪಕ್ಕ ಸಾಲು ಕಟ್ಟಿಯೇಬಿಟ್ಟರು.

“ಅಟೆನ್ಷನ್!” ಮಾಸ್ತರು ಗುಡುಗಿದರು. “ಮುಗಿಯೋವರೆಗೂ ಒಬ್ರೂ ಕದಲಬಾರದು!”

ಹೀಗಾದರೆ ಇದೂ ಅವರದೇ ಗುಂಪು ಫೋಟೋ ಆಗಿಬಿಡುತ್ತದೆ. ಅವಳು ಬರಿಗಾಲಲ್ಲಿ ಎದ್ದು ಓಡಿದಳು. “ನಿಲ್ಲಬೇಡಿ! ದಯವಿಟ್ಟು ಓಡಾಡಿ, ಕೈಕಾಲು ಆಡಿಸಿ!”

“ಮಾತಾಡಿಸ್ಬೇಡ, ಅಲ್ಲಾಡಿಬಿಡ್ತೀವಿ,” ಎಂದರು ಮಾಸ್ತರು ಹಲ್ಲಿನ ಸಂದಿಯಿಂದ.

ಶಟರ್ ಮುಚ್ಚಿದರೆ ಇದ್ದೊಂದು ಚಿತ್ರವೂ ಹೋಯಿತು. ಟೈಲರನ ತೋಳು ಜಗ್ಗಿದಳು, ಓನರಮ್ಮನಿಗೆ ಕೈಮುಗಿದಳು, ಕಾಲು ಸುಟ್ಟ ಬೆಕ್ಕಿನಂತೆ ಸುತ್ತಿದಳು. ಎರಡು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಕೇಳುವವರೆಲ್ಲ ಕಂಬಗಳು.

ಸಂಜೆ ಬೀದಿ ಕೊನೆಯ ಸ್ಟುಡಿಯೋದಿಂದ ಫೋಟೋ ತಂದಾಗ ಮೂವರೂ ಹಜಾರದಲ್ಲೇ ಕಾಯುತ್ತಿದ್ದರು. ಓನರಮ್ಮ ಕವರು ಕಿತ್ತುಕೊಂಡರು.

“ಅಬ್ಬಬ್ಬಾ, ಮಾಸ್ತರ ಮೀಸೆ ಒಂದೊಂದು ಕೂದಲೂ ಎಣಿಸ್ಬೋದು!”

“ನನ್ನ ತೋಳು ಮಾತ್ರ ಮಂಕಾಗಿದೆ,” ಟೈಲರ್ ಗೊಣಗಿದ. ಅವಳು ಜಗ್ಗಿದ ತೋಳು ಅದು.

ಬೆಂಚು ಖಾಲಿ. ಅವಳು ಕೂತಿದ್ದ ಕಡೆ ಟಪಾಲು ಪೆಟ್ಟಿಗೆಗಳ ಬೀಗ ಸಹ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಒಂದು ಜೊತೆ ಚಪ್ಪಲಿ.

“ಪಾಪ, ನೀನೇ ಇಲ್ವಲ್ಲೇ! ತೆಗೆಯೋರು ಎಲ್ಲಿ ಬೀಳ್ತಾರೆ ಬಿಡು,” ಎಂದರು ಓನರಮ್ಮ. “ಇದನ್ನ ಇದೇ ಗೋಡೆಗೆ ಹಾಕಿಸ್ತೀನಿ. ಆದ್ರೆ ನಡುವೆ ಯಾವಳದೋ ಚಪ್ಪಲಿ, ಅಸಹ್ಯ. ಸ್ಟುಡಿಯೋದವನಿಗೆ ಹೇಳಿ ಅಳಿಸಿಬಿಡು ತಾಯಿ.”

‘ಸರಿ ಆಂಟಿ’ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು.

“ಬೇಡ ಆಂಟಿ. ಅಳಿಸಬೇಡಿ. ಅದು ನಾನು.”