ಹೇಸ್‌ನಿಂದ ಕಂಡ ಅಮೆರಿಕದ ಒಂದು ಕೌಂಟಿ

ಕಾಲಿಡದ ಊರಿನಲ್ಲಿ ದಾರಿ ತೋರಿಸುವ ಕೆಲಸ ಹಿಡಿದವರಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಮನೆ ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ, ಆಫೀಸು ಹೇಸ್‌ನಲ್ಲಿ, ಗೋದಾಮುಗಳ ಸಾಲಿನ ಹಿಂದೆ. ಕೆಲಸ ಮಾತ್ರ ಅಮೆರಿಕದ್ದು. ಅಲ್ಲಿನ ಒಂದು ಹಳ್ಳಿಗಾಡಿನ ಕೌಂಟಿಗೆ ನಮ್ಮ ಕಂಪನಿ ನಕಾಶೆ ಮಾಡಿಕೊಡುತ್ತದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ಅಲ್ಲಿ ಯಾರಾದರೂ ಆಂಬುಲೆನ್ಸಿಗೋ ಫೈರ್ ಇಂಜಿನ್ನಿಗೋ ಫೋನ್ ಮಾಡಿದರೆ, ಮನೆ ಎಲ್ಲಿದೆ ಅಂತ ತಕ್ಷಣ ಪರದೆಯ ಮೇಲೆ ಕಾಣಬೇಕು. ಅದಕ್ಕೆ ಪ್ರತಿ ರಸ್ತೆಗೊಂದು ಹೆಸರು, ಪ್ರತಿ ಮನೆಗೊಂದು ನಂಬರು ಬೇಕು. ಅವನ್ನು ಕೂಡಿಸಿ ಕೂರಿಸುವವಳು ನಾನು.

ಇಡೀ ಲಂಡನ್ನನ್ನು ಎತ್ತಿ ಆ ಕೌಂಟಿಯೊಳಗೆ ಇಟ್ಟರೂ ಸುತ್ತ ಇನ್ನೂ ಮೆಕ್ಕೆಜೋಳದ ಹೊಲ ಉಳಿಯುತ್ತದೆ. ಜನ ಮಾತ್ರ ಬೆಳಿಗ್ಗೆ ಹೇಸ್ ಸ್ಟೇಷನ್ನಿನಲ್ಲಿ ಇಳಿದು ಹತ್ತುವವರಷ್ಟು. ಅವರಲ್ಲಿ ನನಗೆ ದಿನನಿತ್ಯದ ಒಡನಾಟ ಇರುವುದು ತುರ್ತು ಕರೆ ಕೇಂದ್ರದ ಮೇಡಂ ಜೊತೆ. ಅವರಿಗೆ ಬೆಳಗಾಗುವಾಗ ನನಗೆ ಮಧ್ಯಾಹ್ನದ ಚಹಾ. ಮೊದಲ ದಿನವೇ ನನ್ನನ್ನು 'ಹನಿ' ಅಂದರು. ಅವರ ಕಡೆ ಅದು ಪ್ರೀತಿಯ ಮಾತು, ಜೇನು ಅಂತ. ಕನ್ನಡದ ಕಿವಿಗೆ ಹನಿ ಅಂದರೆ ಒಂದು ತೊಟ್ಟು ನೀರು. ನಾನು ಹನಿಯಲ್ಲ, ತುಂಬಿದ ಕೊಡದ ಗಾತ್ರ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ವಿಡಿಯೋದಲ್ಲಿ ಕುತ್ತಿಗೆಯವರೆಗೆ ಮಾತ್ರ ಕಾಣಿಸುತ್ತಿದ್ದೆ.

ಎಷ್ಟು ದೂರ

ಆ ಕಡೆಯ ಜನ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ಹೊತ್ತಿನಲ್ಲಿ ಹೇಳುತ್ತಾರೆ. ಗುಡ್ಡದ ಮೇಲಿನ ಒಂದು ಪುಟ್ಟ ಊರಿನಿಂದ ಆಸ್ಪತ್ರೆ ಎಷ್ಟು ದೂರ ಅಂತ ಮೇಡಂ ಅವರನ್ನು ಕೇಳಿದೆ. ಮುಂದೆ ಟ್ರಾಕ್ಟರ್ ಸಿಗದಿದ್ದರೆ ಮುಕ್ಕಾಲು ಗಂಟೆ ಅಂದರು. ಸಿಕ್ಕರೆ? ಅದು ಯಾರ ಟ್ರಾಕ್ಟರ್ ಅನ್ನುವುದರ ಮೇಲೆ ಅಂದರು.

ಆಂಬುಲೆನ್ಸಿಗೂ ದಾರಿ ಬಿಡುವುದಿಲ್ಲವೇ ಅಂತ ನನಗೆ ಗಾಬರಿ. ಬಿಡದೆ ಏನು, ಟ್ರಾಕ್ಟರನ್ನು ಹೊಲಕ್ಕೇ ಇಳಿಸಿಬಿಡುತ್ತಾರಂತೆ. ಆಮೇಲೆ ಒಳಗೆ ಮಲಗಿದವರು ಯಾರು ಅಂತ ವಿಚಾರಿಸುತ್ತಾರೆ. ಗೊತ್ತಿರುವವರಾದರೆ ಅದೇ ಟ್ರಾಕ್ಟರಿನಲ್ಲಿ ಹಿಂದೆಯೇ ಆಸ್ಪತ್ರೆಗೆ ಹೊರಡುತ್ತಾರೆ. ಆ ಕೌಂಟಿಯಲ್ಲಿ ಗೊತ್ತಿಲ್ಲದವರು ಅಂತ ಯಾರೂ ಇಲ್ಲ.

ಉಪಗ್ರಹದ ಚಿತ್ರದಲ್ಲಿ ಆಸ್ಪತ್ರೆಯ ಹಿಂದೆ ಒಂದು ದೊಡ್ಡ ಬಯಲು ಕಾಣಿಸುತ್ತಿತ್ತು. ಅದು ಹೆಲಿಕಾಪ್ಟರ್ ಇಳಿಯುವ ಜಾಗ ತಾನೆ ಅಂತ ಕೇಳಿದೆ. ಅಲ್ಲವಂತೆ. ರೋಗಿಯನ್ನು ನೋಡಲು ಬಂದವರು ಟ್ರಾಕ್ಟರ್ ನಿಲ್ಲಿಸುವ ಜಾಗ. ನಮ್ಮ ಲಂಡನ್ನಿನಲ್ಲಿ ಆಸ್ಪತ್ರೆಗೆ ಹೋದವರಿಗೆ ಕಾರು ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ರೋಗಿ ಗುಣವಾಗಿ, ಬಾಗಿಲಿಗೆ ಬಂದು, ಎಲ್ಲಿದ್ದೀರಿ ಅಂತ ಅವನೇ ನಮಗೆ ಫೋನ್ ಮಾಡುತ್ತಾನೆ.

ಹೊಲದ ನಡುವಿನ ಫೋನು

ಆ ಕೌಂಟಿಯ ಪೂರ್ವಕ್ಕೆ ಒಂದು ಪಂಗಡದ ಜನ ಇದ್ದಾರೆ. ಅವರ ಓಡಾಟವೆಲ್ಲ ಕುದುರೆ ಗಾಡಿಯಲ್ಲಿ. ಮನೆಗೆ ಕರೆಂಟು ಬೇಡ, ಫೋನೂ ಬೇಡ ಅಂತ ತಾವಾಗಿಯೇ ನಿರ್ಧಾರ ಮಾಡಿಕೊಂಡು ನೆಮ್ಮದಿಯಿಂದ ಬೇಸಾಯ ಮಾಡಿಕೊಂಡಿದ್ದಾರೆ. ಅವರ ಹೊಲಗಳ ನಡುವೆ ನಕಾಶೆಯಲ್ಲಿ ಒಂದು ಮರದ ಗೂಡು ಕಾಣಿಸಿತು. ಒಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ಇದು ಖಂಡಿತ ಕಕ್ಕಸು, ತೆಗೆದುಹಾಕು ಅಂದರು ನಮ್ಮ ಮ್ಯಾನೇಜರ್. ಯಾವುದಕ್ಕೂ ಒಂದು ಮಾತು ಇರಲಿ ಅಂತ ಮೇಡಂ ಅವರನ್ನು ಕೇಳಿದೆ. ತೆಗೆಯಬೇಡಿ, ಸುತ್ತಲಿನ ಅಷ್ಟೂ ಸಂಸಾರಗಳಿಗೆ ಇರುವ ಒಂದೇ ಫೋನು ಅದರೊಳಗಿದೆ ಅಂದರು. ದಾರಿಯಲ್ಲಿ ಯಾರದಾದರೂ ಕಾರು ಮಗುಚಿಕೊಂಡರೆ ಮೊದಲ ಕರೆ ಬರುವುದು ಅಲ್ಲಿಂದಲೇ. ಕಾರೇ ಇಲ್ಲದವರು ಕಾರಿನವರಿಗಾಗಿ ಹೊಲ ದಾಟಿ ಓಡಿಬಂದು ಫೋನ್ ಮಾಡುತ್ತಾರೆ.

ಹಾಗಾದರೆ ಆ ನಂಬರು ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ. ಹೇಸ್‌ನಿಂದ ನಾನೇ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕರು ಎತ್ತಿಕೊಂಡು, ಯಾರು ಬೇಕಿತ್ತು ಅಂದರು. ಯಾರೂ ಬೇಡ, ಪರೀಕ್ಷೆಗೆ ಮಾಡಿದೆ, ಲಂಡನ್ನಿನಿಂದ ಅಂದೆ.

ಅವರು ಸ್ವಲ್ಪ ಯೋಚಿಸಿದರು. "ಅಷ್ಟು ದೂರದಿಂದ ಮಾಡಿದ್ದೀರಿ. ಯಾರನ್ನೂ ಕರೆಯದೆ ಇಟ್ಟುಬಿಟ್ಟರೆ ಚೆನ್ನಾಗಿರೋದಿಲ್ಲ" ಅಂತ ಹೇಳಿ, ಫೋನನ್ನು ಅಲ್ಲೇ ಇಟ್ಟು ಹೊರಟೇಬಿಟ್ಟರು. ನಾನು ಹಲೋ ಹಲೋ ಅಂದದ್ದೆಲ್ಲ ಹೊಲದ ಪಾಲಾಯಿತು. ಇಟ್ಟುಬಿಡೋಣ ಅಂದರೆ ಮನಸ್ಸು ಒಪ್ಪಲಿಲ್ಲ. ಯಾರನ್ನೋ ಕರೆತರಲು ಅಷ್ಟು ವಯಸ್ಸಾದವರು ನಡೆದು ಹೋಗಿದ್ದಾರೆ. ಸ್ಪೀಕರ್ ಹಾಕಿ ಬೇರೆ ಕೆಲಸ ಮಾಡುತ್ತಾ ಕೂತೆ. ಹಕ್ಕಿಗಳ ಸದ್ದು, ದೂರದಲ್ಲಿ ಒಂದು ಹಸು. ಆಫೀಸಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಕೇಳಿದರು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡಿದ್ದರು.

ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತಾ ಒಬ್ಬ ಹೆಂಗಸು ಬಂದು ಫೋನ್ ಎತ್ತಿಕೊಂಡರು. ಆ ಮುದುಕರ ಹೆಂಡತಿ. ನನಗೂ ಅವರಿಗೂ ಆಡಲು ವಿಷಯವೇ ಇಲ್ಲ. ಆದರೂ ಮಳೆ ಬೆಳೆ, ಮಕ್ಕಳು ಮರಿ, ಲಂಡನ್ನಿನಲ್ಲಿ ಸೊಪ್ಪು ಸಿಗುತ್ತದೆಯೇ ಅನ್ನುವವರೆಗೆ ಮಾತು ಹೋಯಿತು. ಇಡುವ ಮುಂಚೆ ಅವರು, ಇನ್ನೊಮ್ಮೆ ಪರೀಕ್ಷೆ ಮಾಡುವಾಗ ಮೊದಲೇ ತಿಳಿಸಿ, ಒಲೆಯ ಮೇಲೆ ಇಟ್ಟದ್ದನ್ನು ಇಳಿಸಿ ಬರುತ್ತೇನೆ ಅಂದರು. ಹೇಗೆ ತಿಳಿಸಲಿ ಅಂದೆ. "ಫೋನ್ ಮಾಡಿ" ಅಂದರು.

ಎರಡು ಮಿಲ್ ರೋಡ್

ಒಂದೇ ಹೆಸರಿನ ಎರಡು ರಸ್ತೆ ಇರಬಾರದು ಅನ್ನುವುದು ನಮ್ಮ ಕೆಲಸದ ಮೊದಲ ನಿಯಮ. ಆ ಕೌಂಟಿಯಲ್ಲಿ ಉತ್ತರಕ್ಕೊಂದು ಮಿಲ್ ರೋಡ್, ದಕ್ಷಿಣಕ್ಕೊಂದು ಮಿಲ್ ರೋಡ್. ಉತ್ತರದವರ ಮುತ್ತಜ್ಜಂದಿರು ನಾರ್ವೆಯಿಂದ ಬಂದವರು. ಮಾತು ಕಮ್ಮಿ, ಹೊತ್ತಿಗೆ ಸರಿಯಾಗಿ ಊಟ. ದಕ್ಷಿಣದಲ್ಲಿ ಹೈನುಗಾರಿಕೆಯ ಕೆಲಸಕ್ಕೆ ಮೆಕ್ಸಿಕೋದಿಂದ ಬಂದು ನೆಲೆಯಾದ ಸಂಸಾರಗಳೇ ಹೆಚ್ಚು. ಮಾತು ಜಾಸ್ತಿ, ಊಟ ಯಾವಾಗ ಬೇಕಾದರೂ. ಒಮ್ಮೆ ದಕ್ಷಿಣದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಫೈರ್ ಇಂಜಿನ್ ಉತ್ತರದ ಮಿಲ್ ರೋಡಿಗೆ ಹೋಗಿ ನಿಂತಿತ್ತು. ಹಾಗಾಗಿ ಯಾರಾದರೂ ಒಬ್ಬರು ಹೆಸರು ಬಿಟ್ಟುಕೊಡಲೇಬೇಕಾಯಿತು.

ಇಬ್ಬರೂ ಒಪ್ಪಲಿಲ್ಲ. ನಮ್ಮ ಗಿರಣಿ ಹಳೆಯದು ಅಂದರು ಉತ್ತರದವರು. ನಮ್ಮದು ಇನ್ನೂ ನಿಂತಿದೆ ಅಂದರು ದಕ್ಷಿಣದವರು. ತಿಂಗಳುಗಟ್ಟಲೆ ಹೀಗೇ ಆಯಿತು. ಮೇಡಂ ಬೇಸತ್ತು, ಎರಡೂ ಕಡೆಯವರು ಚರ್ಚಿನ ಸಭಾಂಗಣದಲ್ಲಿ ಒಟ್ಟಿಗೆ ಊಟ ಮಾಡಿ ಅಲ್ಲೇ ತೀರ್ಮಾನಿಸಿಕೊಳ್ಳಲಿ ಅಂದರು. ಎಲ್ಲರೂ ಮನೆಯಿಂದ ಅಡುಗೆ ತಂದರು. ಉತ್ತರದವರು ದಕ್ಷಿಣದವರ ಮೆಕ್ಕೆಜೋಳದ ಕಡುಬನ್ನು ಮೂರು ಸಲ ಹಾಕಿಸಿಕೊಂಡರು. ದಕ್ಷಿಣದವರು ಉತ್ತರದವರ ಆಲೂಗಡ್ಡೆ ರೊಟ್ಟಿ ಮಾಡುವುದು ಹೇಗೆ ಅಂತ ಕೇಳಿ ಕಲಿತರು. ರಸ್ತೆಯ ಮಾತು ಯಾರೂ ಎತ್ತಲಿಲ್ಲ.

ಮರುದಿನ ಉತ್ತರದವರು ಮೇಡಂಗೆ ಫೋನ್ ಮಾಡಿ, ಅಷ್ಟು ಒಳ್ಳೆಯ ಜನರಿಂದ ಹೆಸರು ಕಿತ್ತುಕೊಳ್ಳುವುದು ಬೇಡ, ನಾವೇ ಬಿಟ್ಟಿದ್ದೇವೆ ಅಂದರು. ಬಾಯಿಮಾತಲ್ಲ, ಬೋರ್ಡನ್ನೇ ಕಿತ್ತು ಬೇರೆ ಹೆಸರು ಹಾಕಿಯಾಗಿತ್ತು. ಆ ಫೋನ್ ಇಡುವಷ್ಟರಲ್ಲಿ ದಕ್ಷಿಣದವರ ಫೋನ್. ಅವರೂ ಬೋರ್ಡು ಕಿತ್ತಿದ್ದರು.

ಈಗ ನೀವಾದರೂ ಇಟ್ಟುಕೊಳ್ಳಿ ಅಂದರೆ ಛೆ ಛೆ ನೀವು ಇಟ್ಟುಕೊಳ್ಳಿ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲರೂ ಉಪಚಾರ ಮಾಡಿ ಮಾಡಿ ಕೊನೆಯ ಹೋಳಿಗೆ ತಟ್ಟೆಯಲ್ಲೇ ಉಳಿಯುತ್ತದಲ್ಲ, ಹಾಗೆ. ಕೌಂಟಿಯಲ್ಲಿ ಗಿರಣಿ ಎರಡಿವೆ. ಮಿಲ್ ರೋಡ್ ಒಂದೂ ಇಲ್ಲ.

ಅಣ್ಣ ತಮ್ಮಂದಿರ ಓಣಿ

ಅಕ್ಕಪಕ್ಕದಲ್ಲೇ ಮನೆ ಮಾಡಿಕೊಂಡಿರುವ ಅಣ್ಣ ತಮ್ಮ, ಇಬ್ಬರಿಗೂ ಎಪ್ಪತ್ತು ದಾಟಿದೆ. ಅಪ್ಪನ ಕಾಲದ ಟ್ರಾಕ್ಟರನ್ನು ತಮ್ಮ ಕೇಳದೆ ಮಾರಿದ ಅಂತ ಅಣ್ಣ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವರ ಮನೆಗೆ ಹೋಗುವ ಮಣ್ಣಿನ ಓಣಿಗೆ ಹೆಸರಿರಲಿಲ್ಲ. ಹಿಂದಿನ ಚಳಿಗಾಲ ಅಣ್ಣನ ಹೆಂಡತಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡಾಗ, ಆಂಬುಲೆನ್ಸ್ ಬೇರೆ ಗುಡ್ಡ ಹತ್ತಿ ದಾರಿ ತಪ್ಪಿತು. ತಮ್ಮ ತನ್ನ ಗಾಡಿ ತಂದು ಅತ್ತಿಗೆಯನ್ನು ಹುಷಾರಾಗಿ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಅಣ್ಣನೂ ಪಕ್ಕದಲ್ಲೇ ಕೂತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಆ ನೋವಿನಲ್ಲಿದ್ದ ಹೆಂಗಸಿನ ಮೂಲಕವೇ ಮಾತಾಡಿದರಂತೆ.

ಇನ್ನೊಂದು ಚಳಿಗಾಲ ಬರುವ ಮುಂಚೆ ಹೆಸರಿಡಲೇಬೇಕು ಅಂತ ಮೇಡಂ ಇಬ್ಬರನ್ನೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂರಿಸಿ, ವಿಡಿಯೋದಲ್ಲಿ ನನ್ನನ್ನು ಸೇರಿಸಿಕೊಂಡರು. ಅಣ್ಣ, ಓಕ್ ಮರದ ಓಣಿ ಅಂತಿಡಿ ಅಂದರು. ತಮ್ಮ ನನ್ನ ಕಡೆ ತಿರುಗಿ, ಅದು ಓಕ್ ಅಲ್ಲ ಅಕ್ರೋಟು ಅಂತ ಅವನಿಗೆ ಹೇಳಿ ಅಂದರು. ನಾನು ಹೇಳಿದೆ. ಮರ ನೆಟ್ಟದ್ದು ನಾನು ಅಂತ ಅವನಿಗೆ ತಿಳಿಸಿ ಅಂದರು ಅಣ್ಣ. ತಿಳಿಸಿದೆ. ನೀರು ಹಾಕಿದ್ದು ಯಾರು ಅಂತ ಕೇಳಿ ಅಂದರು ತಮ್ಮ. ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕ್ರಮೇಣ ದನಿ ಏರಿತು, ಟ್ರಾಕ್ಟರಿನ ಮಾತು ಬಂತು, ಇಬ್ಬರೂ ಒಟ್ಟಿಗೆ ಕೂಗಾಡತೊಡಗಿದರು. ಮನೆಯಲ್ಲಿ ಬರುವ ಹಾಗೆ ನನ್ನ ಬಾಯಿಂದ ಕನ್ನಡ ಬಂದುಬಿಟ್ಟಿತು.

"ಸುಮ್ನಿರಿ ಇಬ್ರೂ."

ಇಬ್ಬರ ಕೂಗಾಟವೂ ಗಕ್ಕನೆ ನಿಂತಿತು. ಏನಂದಿರಿ ಅಂತ ಅಣ್ಣ ಕೇಳಿದರು. ಸುಳ್ಳು ಹೊಳೆಯಲಿಲ್ಲ. ನನ್ನ ಭಾಷೆಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡಿರಿ ಅಂತ, ಆದರೆ ಮರ್ಯಾದೆ ಕೊಟ್ಟೇ ಹೇಳಿದ್ದೇನೆ ಅಂದೆ. ಕೆಲಸ ಹೋಯಿತು ಅಂದುಕೊಂಡೆ.

ತಮ್ಮ ನಿಧಾನವಾಗಿ ಅಣ್ಣನ ಕಡೆ ತಿರುಗಿದರು. "ನಾವು ಊಟಕ್ಕೆ ಕೂತಾಗಲೆಲ್ಲ ಅಮ್ಮ ಹೇಳ್ತಿದ್ದದ್ದು ಇದೇ ಮಾತು" ಅಂದರು. ನನಗಲ್ಲ, ನೇರವಾಗಿ ಅಣ್ಣನಿಗೇ.

ಅಣ್ಣ ತಲೆಯಾಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಆ ಪದದ ಸ್ಪೆಲ್ಲಿಂಗ್ ಹೇಳಿ ಅಂತ ನನ್ನನ್ನು ಕೇಳಿದರು. ಮೇಡಂ ಮೂಗು ಒರೆಸಿಕೊಳ್ಳುತ್ತಾ, ಇದೇ ಹೆಸರಿನ ಬೇರೆ ರಸ್ತೆ ಕೌಂಟಿಯಲ್ಲಿ ಇಲ್ಲ ತಾನೆ ಅಂತ ನಿಯಮದ ಪ್ರಕಾರ ವಿಚಾರಿಸಿದರು. ಇಡೀ ಅಮೆರಿಕದಲ್ಲೇ ಇರಲಾರದು, ಆ ಜವಾಬ್ದಾರಿ ನನ್ನದು ಅಂದೆ.

ಸ್ವಲ್ಪ ದಿನದಲ್ಲೇ ಅಲ್ಲಿ ಹಸಿರು ಬೋರ್ಡು ನಿಂತಿತು, ಸುಮ್ನಿರಿ ಲೇನ್. ಒಂದು ಕಡೆಯ ಕಂಬದ ಗುಂಡಿ ಅಣ್ಣ ತೋಡಿದ್ದು, ಇನ್ನೊಂದು ಕಡೆಯದು ತಮ್ಮ ತೋಡಿದ್ದು.

ಕೊನೆಗೆ ಪರೀಕ್ಷೆಯ ಕರೆ. ಅಣ್ಣ ತುರ್ತು ಕರೆ ಕೇಂದ್ರಕ್ಕೆ ಫೋನ್ ಮಾಡುವುದು, ನಾನು ಇಲ್ಲಿಂದ ಕೇಳಿಸಿಕೊಳ್ಳುವುದು. ಆ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಏರ್‌ಪೋರ್ಟಿನ ಶಿಫ್ಟು ಮುಗಿಸಿ ಬಂದಿದ್ದ ನನ್ನ ಗಂಡ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು. ಅವರು ಧಾರವಾಡದವರು. ಸ್ಪೀಕರಿನಲ್ಲಿ ಮೇಡಂ ಗಂಭೀರವಾಗಿ, ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಅಂತ ಕೇಳಿದರು.

"ಸುಮ್ನಿರಿ" ಅಂದರು ಅಣ್ಣ.

ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಂದರು ಮೇಡಂ.

"ಸುಮ್ನಿರಿ."

ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು.

"ನನ್ನ ತಮ್ಮ. ಅವನೂ ಸುಮ್ನಿರಿ."

ನನ್ನ ಗಂಡ ಸೋಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತರು. ಲ್ಯಾಪ್‌ಟಾಪನ್ನು ನೋಡಿದರು, ನನ್ನನ್ನು ನೋಡಿದರು. "ಆ ಹೆಣ್ಣಮಗಳು ಏನ್ ಕೇಳಿದ್ರೂ ಸುಮ್ನಿರಿ ಅನ್ನಾಕತ್ತಾನಲ್ಲ ಅಂವಾ" ಅಂದರು. ಮತ್ತೆ ಸ್ವಲ್ಪ ಕೇಳಿಸಿಕೊಂಡು ಮೆಚ್ಚುಗೆಯಿಂದ ತಲೆದೂಗಿದರು.

"ಆದ್ರ ಎಂಥಾ ಮರ್ಯಾದಿ ಮಂದಿ ನೋಡು. ಬಾಯಿ ಮುಚ್ಚಸೂದಾದ್ರೂ 'ರೀ' ಹಚ್ಚೇ ಮುಚ್ಚಸ್ತಾರ."