ಯಂತ್ರಕ್ಕೆ ದಯೆ ಕಲಿಸಲು ಹೊರಟವನು

ಮನೆಯಲ್ಲಿ ವಾದ ಗೆಲ್ಲಲಾಗದವರು ಫೋನಿನಲ್ಲಿ ಗೆಲ್ಲಲು ಹೋಗುತ್ತಾರೆ. ನಾನು ಅಂಥವರಲ್ಲಿ ಒಬ್ಬ. ತೆಲಂಗಾಣದ ಗಡಿಯೂರು ಮಕ್ತಲ್‌ನಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮನುಕುಲದ ಭವಿಷ್ಯ ನೋಡಿಕೊಳ್ಳುತ್ತೇನೆ. ಅದಕ್ಕೆಂದೇ ಫೋನಿನಲ್ಲಿ ನಮ್ಮದೊಂದು ಚರ್ಚಾ ಗುಂಪಿದೆ. "ಭವಿಷ್ಯ ಆಮ್ಯಾಲ ನೋಡ್ರಿ, ಮೊದಲ ಮೋಟರ್ ಬಂದ್ ಮಾಡ್ರಿ, ಟಾಕಿ ತುಂಬಿ ಹರಿಯಾಕತ್ತೈತಿ," ಎನ್ನುತ್ತಾಳೆ ಹೆಂಡತಿ. ದೂರದೃಷ್ಟಿಯಿಲ್ಲದ ಮಾತು.

ಕಳೆದ ತಿಂಗಳು ಗುಂಪಿನಲ್ಲಿ ಬಂದ ಪ್ರಶ್ನೆ: ಡ್ರೈವರ್ ಇಲ್ಲದ ಬಸ್ಸು ಬಂದರೆ ನಂಬಬಹುದೇ? ಟೈಪು ಮಾಡುವುದು ನನಗೆ ಬೇಸರ, ಧ್ವನಿಯಲ್ಲೇ ಉತ್ತರ ಕಳಿಸಿದೆ. ಯಂತ್ರಕ್ಕೆ ವೇಗವಿದೆ, ದಯೆಯಿಲ್ಲ ಎಂಬುದು ನನ್ನ ಸಿದ್ಧಾಂತ. ಹತ್ತು ದಿನ ಹೇಳಿದೆ. ಎದುರಾಳಿಗಳು ಸೋತರೋ ಸುಸ್ತಾದರೋ, ಸುಮ್ಮನಾದರು. ಕೊನೆಗೆ ಗದ್ವಾಲದಲ್ಲಿ ಎಲ್ಲರೂ ಮುಖತಃ ಸೇರೋಣ, ಮೊದಲ ಭಾಷಣ ನನ್ನದೇ ಎಂದಾಯಿತು.

ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ನಡುವೆ ಕುರಿಗಾರನೊಬ್ಬ ಕೂತು, ಕಾಲು ಉಳುಕಿದ ಮರಿಯೊಂದನ್ನು ನೀವುತ್ತಿದ್ದ. ಐದು ನಿಮಿಷವಾಯಿತು, ಹತ್ತಾಯಿತು. ಭಾಷಣದ ಹೊತ್ತು ಮೀರುತ್ತಿತ್ತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ: "ಏನ್ ನೋಡ್ತಿ ಡ್ರೈವರಣ್ಣಾ, ಹಾರನ್ ಹೊಡದು ನುಗ್ಸು! ತಾವ ಸರೀತಾವ!"

ಡ್ರೈವರು ತಿರುಗಿಯೂ ನೋಡದೆ, "ಆಗಂಡಿ ಸಾರ್, ಜರಾ ತಡೀರಿ, ಅವೂ ಜೀವ ಅದಾವ," ಎಂದ.

ಕುರಿಗಾರ ಮಾತ್ರ ತಟ್ಟನೆ ತಲೆಯೆತ್ತಿದ. ಮರಿಯನ್ನು ಎತ್ತಿಕೊಂಡು ನನ್ನ ಕಿಟಕಿಯ ಬಳಿ ಬಂದ. ಬೈಯುತ್ತಾನೆಂದು ನಾನು ಹಿಂದೆ ಸರಿದೆ.

"ದನಿ ಕೇಳೇ ಗುರ್ತಾತ್ರೀ! ಗುಂಪಿನಾಗ ದಯಾ, ಧರ್ಮ ಅಂತ ಮಾತಾಡೋರು ನೀವ ಅಲ್ಲೇನ್ರೀ?" ಅವನ ಮುಖ ಅರಳಿತ್ತು. "ನಾನೂ ಅದೀನ್ರೀ ಗುಂಪಿನಾಗ. ಬರಿಯಾಕ ಬರಂಗಿಲ್ಲ, ಕುರಿ ಕಾಯ್ಕೋಂತ ಕೇಳ್ತೀನಿ. ನಿಮ್ದು ಎರಡೆರಡು ಸಲ ಕೇಳ್ತೀನ್ರೀ."

ವ್ಯಂಗ್ಯವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ನಾನು ಕೂಗಿದ್ದರಲ್ಲಿ ಅವನಿಗೆ ದನಿ ಮಾತ್ರ ಕೇಳಿಸಿತ್ತೋ, ಅಥವಾ ಮಾತನ್ನು ಕ್ಷಮಿಸಿಬಿಟ್ಟಿದ್ದನೋ, ಇವತ್ತಿಗೂ ಗೊತ್ತಿಲ್ಲ.

"ಈ ಮರಿಗೆ ನಡಿಯಾಕ ಆಗವಲ್ದು. ಮುಂದಿನ ಸ್ಟಾಪಿನ್ಯಾಗ ನನ್ನ ಹೇಣ್ತಿ ನಿಂತಿರ್ತಾಳ, ಕೊಟ್ಟುಬಿಡ್ರಿ. ನಿಮ್ಮಂಥೋರ ಕೈಯಾಗ ಇದ್ರ ನನಗ ಚಿಂತಿ ಇಲ್ಲ," ಎಂದು ಕಿಟಕಿಯಿಂದಲೇ ಮರಿಯನ್ನು ನನ್ನ ಮಡಿಲಿಗೆ ಇಳಿಸಿದ. ಬಸ್ಸಿಡೀ ನನ್ನನ್ನು ನೋಡುತ್ತಿತ್ತು. ನಾನು ಮರಿಯ ಬೆನ್ನು ಸವರಿದೆ. ಅದು ನಡುಗುತ್ತ ನನ್ನ ಎದೆಗೆ ಒತ್ತಿಕೊಂಡಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಭಾಷಣ ಮರೆತೇಹೋಗಿತ್ತು. ಮರುಗಳಿಗೆಯಲ್ಲಿ ಅದು ಅಂಗಿಯನ್ನು ಒದ್ದೆ ಮಾಡಿತು.

ಮುಂದಿನ ಸ್ಟಾಪಿನಲ್ಲಿ ಕಾಯುತ್ತಿದ್ದ ಹೆಂಗಸಿನ ಕೈಗೆ ಮರಿಯನ್ನು ಕೊಟ್ಟೆ. ಗದ್ವಾಲ ತಲುಪಿದಾಗ ಗೆಳೆಯರೆಲ್ಲ ಅಂಗಿಯ ಕಲೆ ನೋಡಿ ಏನಾಯಿತೆಂದು ಕೇಳಿದರು. "ದಾರ್ಯಾಗ ಒಂದು ಕುಂಟ ಕುರಿಮರಿ ಎತ್ಕೊಂಡು ಬಂದೆ," ಎಂದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಸಿದ್ಧಾಂತವನ್ನು ಬದುಕಿ ತೋರಿಸಿದವರು ಎಂದು ಒಬ್ಬರು ಶಾಲು ಹೊದಿಸಿದರು, ಕಲೆ ಮುಚ್ಚಿತು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ನುಗ್ಸು" ಎಂದದ್ದನ್ನು ಮಾತ್ರ ಹೇಳಲಿಲ್ಲ. ಯಂತ್ರವಾಗಿದ್ದರೆ ಅದನ್ನೂ ಸೇರಿಸಿ ಒದರಿಬಿಡುತ್ತಿತ್ತು. ಅದಕ್ಕೇ ಅದನ್ನು ನಾನು ನಂಬುವುದಿಲ್ಲ.