ಬೆಚ್ಚಗಿದ್ದ ಪೆಟ್ಟಿಗೆ

2007ರ ಮೇ ತಿಂಗಳ ಒಂದು ಭಾನುವಾರ, ಸಂಜೆ ಐದೂಮುಕ್ಕಾಲು ಗಂಟೆ. ಸ್ಥಳ, ಡೊಂಬಿವಲಿಯ ನಮ್ಮ ಮೂರನೆಯ ಮಹಡಿಯ ಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಸುಮತಿ, ಮತ್ತು ಟಿ.ವಿ.ಯೊಳಗೆ ಒಬ್ಬ ಗಿಡ್ಡ ಮನುಷ್ಯ. ಇವರಲ್ಲಿ ಆ ಹೊತ್ತಿಗೆ ಅಲ್ಲಿರಬಾರದಾಗಿದ್ದವನು ನಾನು. ಠಾಣೆಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡು ಆಯುಷ್ಯ ಸವೆಸಿದವನು ನಾನು. ನಿವೃತ್ತನಾದ ಮೇಲೂ ಐದೂವರೆಗೆ ವಾಕಿಂಗ್ ಹೊರಟರೆ ಆರೂವರೆಗೇ ವಾಪಸು. ಆದರೆ ತಲೆಯೊಳಗೆ ಸಂಶಯವೊಂದು ಹೊಕ್ಕರೆ ಎಂಥ ಶಿಸ್ತಿನ ಮನುಷ್ಯನೂ ಅರ್ಧ ದಾರಿಯಿಂದ ತಿರುಗಿ ಬಂದು, ಸ್ವಂತ ಮನೆಯ ಬಾಗಿಲಿನ ಕೀಲಿಯನ್ನು ಕಳ್ಳನ ಹಾಗೆ ಸದ್ದಿಲ್ಲದೆ ತಿರುಗಿಸುತ್ತಾನೆ.

ಸಂಶಯ ಶುರುವಾದದ್ದು ಧೂಳಿನಿಂದ. ಸರಿಯಾಗಿ ಹೇಳಬೇಕೆಂದರೆ, ಧೂಳು ಇಲ್ಲದ್ದರಿಂದ. ವರ್ಷವಿಡೀ ಯಾರೂ ಮುಟ್ಟದ ವಸ್ತು ಮನೆಯಲ್ಲಿ ಇರಕೂಡದು ಎಂಬುದು ನನ್ನ ಕಾನೂನು. ಮಗ ಸುಧೀರ ಕಾಲೇಜಿನಲ್ಲಿದ್ದಾಗ ಉಲ್ಹಾಸನಗರದಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ಟಿ.ವಿ.ಯ ಕೆಳಗೆ ಬಿದ್ದಿತ್ತು. ಅವನಿಗೀಗ ಬೇಲಾಪುರದ ಆಫೀಸಿಗೆ ಹೋಗಿ ಬರುವುದರಲ್ಲೇ ಜೀವ ಹೈರಾಣ. ಸರಿ, ಉಲ್ಹಾಸನಗರದ ಹಳೆಸಾಮಾನಿನ ಸೇಠನಿಗೆ ಫೋನು ಮಾಡಿ, ಭಾನುವಾರ ಸಂಜೆ ಬಂದು ಒಯ್ಯಿರಿ ಎಂದು ಮಾತು ಕೊಟ್ಟೆ. ಕೊಡುವ ಮೊದಲು ಒರೆಸೋಣವೆಂದು ಬಟ್ಟೆ ಹಿಡಿದರೆ ಒರೆಸಲು ಏನೂ ಇಲ್ಲ! ನಮ್ಮದು ರಸ್ತೆ ಬದಿಯ ಮನೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಮರುದಿನ ವಾಕಿಂಗ್ ಮುಗಿಸಿ ಬಂದವನೇ ಪೆಟ್ಟಿಗೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ರಾತ್ರಿ ಸುಧೀರನನ್ನು ವಿಚಾರಿಸಿದೆ. “ಪಪ್ಪಾ, ಮೇರೇ ಪಾಸ್ ಟೈಮ್ ಕಹಾಂ ಹೈ? ಮನೆಗೆ ಬರೋದೇ ಎಂಟಕ್ಕೆ. ರಿಟೈರ್ ಆಗಿ ಪೊಲೀಸ್ ಬನ್ ಗಯೇ ಕ್ಯಾ?” ಎಂದ. ಅಷ್ಟಕ್ಕೆ ಬಿಡದೆ ಆ ಪೆಟ್ಟಿಗೆಯೊಳಗಿನ ಆಟದ ಗುಣಗಾನಕ್ಕೆ ಇಳಿದ. ಅದಕ್ಕಿಂತ ಹಿಂದಿನ ಇಂಥ ಆಟಗಳಲ್ಲಿ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾ ಗುಂಡಿ ಹಾರುತ್ತಿದ್ದನಂತೆ, ಅಷ್ಟೇ. ಇದರಲ್ಲಿ ಮೊದಲ ಸಲ ನಾಲ್ಕು ದಿಕ್ಕಿಗೂ ತಿರುಗಿ, ಮನೆಯ ಹಿಂದೆ ಏನಿದೆಯೆಂದು ಹೋಗಿ ನೋಡಿ ಬರುವಂತಾಯಿತಂತೆ. “ಇದರ ನಂತರ ಪೂರಾ ಗೇಮಿಂಗೇ ಬದಲ್ ಗಯಾ. ಅದನ್ನ ಮಾರ್ತೀರಾ?” ನಿರಪರಾಧಿಯಾದವನು ಇಷ್ಟೊಂದು ಹೊಗಳುವುದಿಲ್ಲ. ಆದರೆ ಸಂಜೆ ಅವನು ಬೇಲಾಪುರದಲ್ಲಿರುತ್ತಾನೆಂಬುದೂ ನಿಜವೇ. ಸುಮತಿಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ರಿಮೋಟಿನಲ್ಲಿ ಎರಡೇ ಗುಂಡಿ ಒತ್ತಿ ಬಲ್ಲವಳು, ಸಂಜೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗುವವಳು. ಎದುರುಮನೆಯವರ ಬಳಿ ನಮ್ಮ ಇನ್ನೊಂದು ಕೀಲಿಕೈ ಇರುವುದು ನೆನಪಾಗಿ, ಆ ಸಭ್ಯ ಗೃಹಸ್ಥರ ಪೂರ್ತಿ ನಮಸ್ಕಾರಕ್ಕೆ ನಾನು ಅರ್ಧ ನಮಸ್ಕಾರ ಹಾಕತೊಡಗಿದೆ.

ಭಾನುವಾರ ಸುಧೀರ ಗೆಳೆಯರ ಜೊತೆ ಹೊರಗೆ ಹೋಗಿದ್ದ. ನಾನು ಬಾಗಿಲು ತೆರೆದಾಗ ಕಂಡದ್ದು ಇದು: ಸುಮತಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಆಟ ಆಡಿಸುವ ಸಾಧನವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ. ಟಿ.ವಿ.ಯಲ್ಲಿ ಹಸಿರು ಅಂಗಳ, ಅದರಲ್ಲೊಂದು ಮರ. ಗಿಡ್ಡ ಮನುಷ್ಯ ಆ ಮರವನ್ನು ಸುತ್ತುತ್ತಿದ್ದಾನೆ, ಬಲಗಡೆಯಿಂದ, ಕ್ರಮವಾಗಿ. ಯಾರೋ ಗುಟ್ಟಾಗಿ ಹಿಂಬಾಲಿಸುತ್ತಿರುವ ಹಾಗೆ ಚಿತ್ರವೂ ಅವನ ಬೆನ್ನ ಹಿಂದೆಯೇ ತಿರುಗುತ್ತಿತ್ತು. ಆ ಆಟದಲ್ಲಿ ನನಗೆ ಮೆಚ್ಚುಗೆಯಾದದ್ದು ಅದೊಂದೇ.

“ಎಂತ ಇದು?” ಎಂದೆ.

“ಪ್ರದಕ್ಷಿಣೆ. ಬೂಟು ಹೊರಗೆ ಬಿಟ್ಟು ಬನ್ನಿ,” ಎಂದಳು, ತಿರುಗಿಯೂ ನೋಡದೆ.

“ಆಟದಲ್ಲಿ ಶತ್ರುಗಳಿಲ್ಲವಾ?”

“ಇದ್ದಾರೆ, ಆಚೆ ಬದಿಗೆ. ನಾನು ಅಲ್ಲಿಗೆ ಹೋಗುವುದೇ ಇಲ್ಲ. ಸುಧೀರ ತೋರಿಸಿಕೊಟ್ಟದ್ದು. ಈ ಪ್ರಾಣಿಗೆ ಎಷ್ಟು ಮೆಟ್ಟಿಲು ಹತ್ತಿದರೂ ಗಂಟು ನೋಯುವುದಿಲ್ಲ ನೋಡಿ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಅದಕ್ಕೂ ಟೈಮ್‌ಟೇಬಲ್ ಹಾಕ್ತಿದ್ರಿ ಮಾರಾಯ್ರೆ.”

ದೇವಸ್ಥಾನಕ್ಕೇ ಹೋಗಿ ಸುತ್ತಬಹುದಲ್ಲ ಎಂದು ಬುದ್ಧಿ ಹೇಳಿದೆ. “ಲಿಫ್ಟ್ ಎಲ್ಲುಂಟು ಈ ಬಿಲ್ಡಿಂಗಿಗೆ? ಚೌತಿಗೆ ಕೆಳಗೆ ಇಳಿದವಳು ಆಮೇಲೆ ಇಳಿಯಲೇ ಇಲ್ಲ. ನನಗೆ ಹೊರಗೆ ಅಂತ ಉಳಿದದ್ದು ಇದೊಂದೇ.” ಇಷ್ಟು ದಿನ ಆ ವಿಷಯ ನನ್ನ ಗಮನಕ್ಕೇ ಬಂದಿರಲಿಲ್ಲ. ಬೂಟು ಬಿಡಲು ಹೊರಗೆ ಹೋದಾಗ ಅವಳ ಚಪ್ಪಲಿ ನೋಡಿದೆ. ಧೂಳು ಅಲ್ಲಿ ಬೇಕಾದಷ್ಟಿತ್ತು.

ಅಷ್ಟರಲ್ಲಿ ಮೆಟ್ಟಿಲೇರಿ ಸೇಠ್ ಬಂದ. “ಸಾಬ್, ಮಾಲ್ ಕಿಧರ್ ಹೈ?” ನಾನು ಕೊಟ್ಟ ಮಾತು ತಪ್ಪಿದವನಲ್ಲ. ಸುಮತಿ ಕೈಯಲ್ಲಿದ್ದುದನ್ನು ಕೆಳಗಿಡಲಿಲ್ಲ. ಗಿಡ್ಡ ಮನುಷ್ಯ ಮಾತ್ರ ಸುತ್ತುವುದನ್ನು ನಿಲ್ಲಿಸಿದ.

“ಮಾತು ಕೊಟ್ಟದ್ದು ನೀವು, ಕೊಟ್ಟುಬಿಡಿ,” ಎಂದಳು. “ಆದರೆ ಇದನ್ನು ನಾನು ದಿನಾ ಮುಟ್ಟುತ್ತೇನೆ. ನಿಮ್ಮ ಕಾನೂನಿನ ಪ್ರಕಾರ ವರ್ಷದಿಂದ ಯಾರೂ ಮುಟ್ಟದ್ದು ಬಾಲ್ಕನಿಯಲ್ಲುಂಟು.”

ಬಾಲ್ಕನಿಯಲ್ಲಿದ್ದುದು ಮಳೆಗಾಲದಲ್ಲಿ ವಾಕಿಂಗ್ ತಪ್ಪಬಾರದೆಂದು ನಾನು ಕೊಂಡಿದ್ದ ವ್ಯಾಯಾಮದ ಸೈಕಲ್ಲು.

“ಅದನ್ನು ಮುಟ್ಟದೆ ಏನು? ಟವೆಲ್ ಒಣಗಿಸುವುದು ಅದರ ಮೇಲೆಯೇ.”

“ಟವೆಲ್ ಒಣಗಿಸುವುದು ನಾನು.”

ವಾದ ಅಲ್ಲಿಗೆ ಮುಗಿಯಿತು. ಸೇಠ್ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಪೆಡಲ್ ನೋಡಿದ, ಸೀಟು ನೋಡಿದ, ಕೊನೆಗೆ ನನ್ನ ಮುಖ ನೋಡಿದ. “ಏಕ್‌ದಮ್ ನಯಾ ಹೈ ಸಾಬ್. ಚೋರೀ ಕಾ ಮಾಲ್ ತೋ ನಹೀಂ?” ಕದ್ದ ಮಾಲಲ್ಲ, ನನ್ನದೇ, ಉಪಯೋಗಿಸಿಲ್ಲ ಅಷ್ಟೇ ಎಂದು ಹೆಂಡತಿಯ ಎದುರಿಗೆ ಆಣೆ ಮಾಡಬೇಕಾಯಿತು. ಒಬ್ಬನಿಂದ ಎತ್ತಲಾಗದ ಭಾರ. ಮುಂದೆ ಸೇಠ್, ಹಿಂದೆ ನಾನು. ಅದನ್ನು ಮೂರು ಮಹಡಿ ಇಳಿಸಿ ಟೆಂಪೋಗೆ ಏರಿಸಿದ್ದೇ ಆ ದಿನದ ನನ್ನ ಕೊನೆಯ ಕೆಲಸ. ಕೊಂಡಂದಿನಿಂದ ಆ ಸೈಕಲ್ಲು ನನ್ನ ಮೈಯಿಂದ ಬೆವರು ಹರಿಸಿದ್ದು ಅದೇ ಮೊದಲು.